ತಪ್ಪದ ತಿಂಗಳು, ತಪ್ಪಿದ ವರ್ಷ

ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯದ ಗೋಪುರವನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಒಳಗೆ ರಂಗಮಂಟಪದ ಬಳಿ ನಿಂತಿರುವ ಶಿಲಾಶಾಸನದ ಮುಂದೆ ಒಂದು ಕ್ಷಣ ನಿಲ್ಲುವವರು ವಿರಳ. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಉತ್ಸವಕಾಲದಲ್ಲಿ ಸಿಂಗನಾಯಕನಹಳ್ಳಿಯನ್ನು ದತ್ತಿಯಾಗಿ ಬಿಟ್ಟುದನ್ನೂ, ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕಟ್ಟಿಸಿದುದನ್ನೂ ಆ ಕಲ್ಲು ಹೇಳುತ್ತದೆ. ದಿನ ಯಾವುದೆಂಬುದನ್ನೂ ಅದು ಮರೆತಿಲ್ಲ. ತಿಥಿ ಮಾಘ ಶುದ್ಧ ಚತುರ್ದಶಿ, ಸಂದ ಶಕವರ್ಷ 1430, ಸಂವತ್ಸರ ಶುಕ್ಲ.

ಓದುಗರೇ, ಈ ಮೂರು ಮಾತುಗಳಲ್ಲಿ ಒಂದು ತೊಡಕಿದೆ. ಶಕವರ್ಷದ ಅಂಕಿಯನ್ನು ನಂಬಿದರೆ ಆ ದಿನ ಬರುವುದು 1509ರ ಫೆಬ್ರವರಿಯ ಆರಂಭದಲ್ಲಿ. ಸಂವತ್ಸರದ ಹೆಸರನ್ನು ನಂಬಿದರೆ 1510ರ ಜನವರಿಯ ಕೊನೆಯ ಭಾಗದಲ್ಲಿ. ಒಂದೇ ಕಲ್ಲು, ಒಂದೇ ಸಾಲು, ನಡುವೆ ಒಂದು ವರ್ಷದ ಅಂತರ. ದಾನ ಕೊಟ್ಟ ಅರಸನಿಲ್ಲ, ಬರೆದ ಕರಣಿಕನಿಲ್ಲ, ಕೆತ್ತಿದ ಶಿಲ್ಪಿಯೂ ಇಲ್ಲ. ಹೀಗಿರುವಾಗ ಯಾರನ್ನು ಕೇಳುವುದು?

ಇತಿಹಾಸಕಾರರು ಇಂತಹ ಸಂದರ್ಭಗಳಲ್ಲಿ ಒಬ್ಬ ಸಾಕ್ಷಿಯ ಮೊರೆಹೋಗುತ್ತಾರೆ. ಆ ಸಾಕ್ಷಿ ಅಂದೂ ಅಲ್ಲಿದ್ದನು, ಇಂದೂ ನಮ್ಮ ತಲೆಯ ಮೇಲೆಯೇ ಇದ್ದಾನೆ. ಸೂರ್ಯ, ಚಂದ್ರ ಮತ್ತು ಗ್ರಹಗಳ ಚಲನೆಯೇ ಆ ಸಾಕ್ಷಿ.

ಅರವತ್ತು ವರ್ಷಗಳ ಚಕ್ರ

ನಮ್ಮ ಹಿರಿಯರ ಕಾಲಗಣನೆಯು ಆಕಾಶದ ಮೂರು ಗಡಿಯಾರಗಳನ್ನು ಒಟ್ಟಿಗೆ ನೋಡುತ್ತಿತ್ತು. ಮೊದಲನೆಯದು ಸೂರ್ಯ, ಅವನಿಂದ ವರ್ಷ. ಎರಡನೆಯದು ಚಂದ್ರ, ಅವನಿಂದ ತಿಂಗಳು ಮತ್ತು ತಿಥಿ. ಕನ್ನಡದಲ್ಲಿ 'ತಿಂಗಳು' ಎಂಬ ಒಂದೇ ಪದ ಚಂದ್ರನಿಗೂ ಮಾಸಕ್ಕೂ ಸಲ್ಲುವುದು ಸುಮ್ಮನೆ ಅಲ್ಲ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ಮುಂದೆ ಸರಿದಾಗ ಒಂದು ತಿಥಿ ಮುಗಿಯುತ್ತದೆ. ಚಂದ್ರನ ವೇಗ ಒಂದೇ ಸಮನಾಗಿಲ್ಲದ ಕಾರಣ ತಿಥಿಯು ಕೆಲವೊಮ್ಮೆ ಸುಮಾರು ಇಪ್ಪತ್ತು ಗಂಟೆಗಳಲ್ಲಿ ಮುಗಿದರೆ ಕೆಲವೊಮ್ಮೆ ಇಪ್ಪತ್ತಾರು ಗಂಟೆಗಳನ್ನೂ ಮೀರುತ್ತದೆ.

ಮೂರನೆಯ ಗಡಿಯಾರ ಗುರುಗ್ರಹ. ಅದು ಸೂರ್ಯನನ್ನು ಒಂದು ಸಲ ಸುತ್ತಲು 11.86 ವರ್ಷಗಳನ್ನು, ಶನಿಯು ಸುಮಾರು 29.5 ವರ್ಷಗಳನ್ನು ತೆಗೆದುಕೊಳ್ಳುತ್ತವೆ. ಗುರುವು ಐದು ಸುತ್ತು, ಶನಿಯು ಎರಡು ಸುತ್ತು ಮುಗಿಸುವ ಹೊತ್ತಿಗೆ ಎರಡಕ್ಕೂ ಹೆಚ್ಚುಕಡಿಮೆ ಅರವತ್ತು ವರ್ಷಗಳಾಗುತ್ತವೆ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರವು ಗುರುವಿನ ನಡಿಗೆಗೆ ಹೊಂದಿಕೊಂಡದ್ದು. ಉತ್ತರ ಭಾರತದಲ್ಲಿ ಇಂದಿಗೂ ಈ ಹೆಸರುಗಳು ಗುರುವಿನ ಚಲನೆಯನ್ನೇ ಅನುಸರಿಸುತ್ತವೆ. ದಕ್ಷಿಣದಲ್ಲಾದರೋ ಆ ಸಂಬಂಧ ಬಹಳ ಹಿಂದೆಯೇ ಕಳಚಿ, ವರ್ಷಕ್ಕೊಂದು ಹೆಸರಿನಂತೆ ಸಾಲಾಗಿ ನಡೆದುಬಂದಿದೆ. ಆದುದರಿಂದಲೇ ಯುಗಾದಿಯ ದಿನ ನಮ್ಮ ಪಂಚಾಂಗ ಹೇಳುವ ಹೆಸರು ಕಾಶಿಯ ಪಂಚಾಂಗದ ಹೆಸರಿಗೆ ಹೊಂದುವುದಿಲ್ಲ.

ಈಗ ಹಂಪಿಯ ಕಲ್ಲಿಗೆ ಮರಳೋಣ. ಚಂದ್ರನೊಬ್ಬನನ್ನೇ ಕೇಳಿದರೆ ಇಲ್ಲಿ ತೀರ್ಪು ಸಿಗದು. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ. ಆದ್ದರಿಂದ ಎರಡು ವರ್ಷಗಳಲ್ಲಿಯೂ ಮಾಘ ಶುದ್ಧ ಚತುರ್ದಶಿಯಂದು ಬಹುಪಾಲು ತುಂಬಿದ ಚಂದ್ರನೇ ಹೇಮಕೂಟದ ಮೇಲೆ ಮೂಡಿದ್ದನು. ಆದರೆ ಅಂದಿನ ಜನರು ತಮ್ಮ ಬಾಳನ್ನು ಎಣಿಸುತ್ತಿದ್ದುದು ಸಂವತ್ಸರದ ಹೆಸರಿನಿಂದ. ಮಗು ಹುಟ್ಟಿದ್ದು, ಬರ ಬಿದ್ದದ್ದು, ಕೆರೆ ತುಂಬಿದ್ದು ಎಲ್ಲವೂ ಹೆಸರಿನ ಮೂಲಕವೇ ನೆನಪಿನಲ್ಲಿ ಉಳಿಯುತ್ತಿದ್ದವು. ಸಾವಿರ ದಾಟಿದ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾಗುವುದು ಸುಲಭ. ನಡೆಯುತ್ತಿರುವ ವರ್ಷದ ಹೆಸರೇ ಮರೆಯುವುದು ಕಷ್ಟ. ಇಂತಹ ಭಿನ್ನತೆ ಬಂದಾಗ ಶಾಸನತಜ್ಞರು ಹೆಸರಿನ ಕಡೆಗೆ ಹೆಚ್ಚು ಒಲಿಯುವುದಕ್ಕೆ ಇದೇ ಕಾರಣ. ಶಾಸನದಲ್ಲಿ ವಾರದ ಹೆಸರೋ ಗ್ರಹಣದ ಉಲ್ಲೇಖವೋ ಇದ್ದರಂತೂ ಸಾಕ್ಷ್ಯ ಇನ್ನೂ ಬಲವಾಗುತ್ತದೆ. ಗ್ರಹಣಕಾಲದಲ್ಲಿ ಕೊಟ್ಟ ದಾನಗಳನ್ನು ಹೇಳುವ ಶಾಸನಗಳು ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಆ ದಿನ ಗ್ರಹಣ ಆಗಿತ್ತೇ ಇಲ್ಲವೇ ಎಂಬುದನ್ನು ಇಂದು ಗಣಿತದಿಂದ ಹೇಳಬಹುದು.

ಬಳ್ಳಾರಿಯ ಕಲೆಕ್ಟರರೂ ರಾಯಚೂರಿನ ಅಮಾವಾಸ್ಯೆಯೂ

ಈ ಗಣಿತವನ್ನು ಇತಿಹಾಸದ ಕೆಲಸಕ್ಕೆ ಹಚ್ಚಿದವರಲ್ಲಿ ಮುಖ್ಯರಾದ ಒಬ್ಬರು ನಮ್ಮ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದವರು. ಮದರಾಸು ಸಿವಿಲ್ ಸೇವೆಗೆ ಸೇರಿದ ರಾಬರ್ಟ್ ಸಿವೆಲ್ ಬಳ್ಳಾರಿಯ ಕಲೆಕ್ಟರರಾಗಿದ್ದರು. ಹಂಪಿ, ಹೊಸಪೇಟೆ, ಕಂಪ್ಲಿಗಳು ಅವರ ಜಿಲ್ಲೆಯ ಊರುಗಳು. ಸಂಡೂರು ಆಗ ಜಿಲ್ಲೆಯೊಳಗೆ ದ್ವೀಪದಂತಿದ್ದ ಪುಟ್ಟ ಸಂಸ್ಥಾನ. ವಿಜಯನಗರದ ಕಥೆಯನ್ನು ಹೊರಜಗತ್ತಿಗೆ ಮತ್ತೆ ತಿಳಿಸಿದ 'ಎ ಫರ್ಗಾಟನ್ ಎಂಪೈರ್' ಎಂಬ ಅವರ ಗ್ರಂಥ 1900ರಲ್ಲಿ ಪ್ರಕಟವಾಯಿತು. 'ಮರೆತುಹೋದ ಸಾಮ್ರಾಜ್ಯ' ಎಂದು ಅದರ ಅರ್ಥ. ಇದು ಬಹುಮಂದಿಗೆ ತಿಳಿದ ಸಂಗತಿ. ಅದಕ್ಕೂ ನಾಲ್ಕು ವರ್ಷ ಮೊದಲು, 1896ರಲ್ಲಿ, ಮರಾಠಿ ವಿದ್ವಾಂಸ ಶಂಕರ ಬಾಲಕೃಷ್ಣ ದೀಕ್ಷಿತರೊಡನೆ ಸೇರಿ ಅವರು ಭಾರತೀಯ ಪಂಚಾಂಗವನ್ನು ಕುರಿತ ಒಂದು ದೊಡ್ಡ ಗ್ರಂಥವನ್ನು ಹೊರತಂದರೆಂಬುದು ಅಷ್ಟಾಗಿ ತಿಳಿದಿಲ್ಲ. ಭಾರತದಲ್ಲಿ ಕಾಣಿಸಿದ ಸೂರ್ಯಗ್ರಹಣಗಳ ಕೋಷ್ಟಕಗಳನ್ನು ಅದಕ್ಕಾಗಿ ವಿಯೆನ್ನಾದ ರಾಬರ್ಟ್ ಶ್ರಮ್ ಸಿದ್ಧಪಡಿಸಿಕೊಟ್ಟರು. ಒಬ್ಬ ಆಂಗ್ಲ ಅಧಿಕಾರಿ, ಒಬ್ಬ ಮರಾಠಿ ಪಂಡಿತ, ಒಬ್ಬ ಆಸ್ಟ್ರಿಯಾದ ಗಣಿತಜ್ಞ, ಈ ಮೂವರು ಸೇರಿ ನಮ್ಮ ಕಲ್ಲುಗಳ ದಿನಾಂಕವನ್ನು ಓದಲು ಕೀಲಿಕೈ ಮಾಡಿಕೊಟ್ಟರು.

ಆ ಕೀಲಿಕೈ ತೆರೆದ ಬೀಗಗಳಲ್ಲಿ ಒಂದು, ರಾಯಚೂರಿನ ಯುದ್ಧ. ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಈ ಕಾಳಗದ ವಿವರವನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಯುದ್ಧವಾಗಿ ಹಲವು ವರ್ಷಗಳ ಮೇಲೆ, ಸುಮಾರು 1535ರಲ್ಲಿ, ಅವನು ತನ್ನ ವೃತ್ತಾಂತವನ್ನು ಬರೆದನು. ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಆ ಹಸ್ತಪ್ರತಿ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ನೂನಿಜ್ ಹೇಳುವಂತೆ, ಅರಸನು ಮುನ್ನುಗ್ಗಲು ಸಿದ್ಧನಾದ ದಿನ ಶುಕ್ರವಾರ. ಅದು ಅಶುಭವೆಂದು ಮಂತ್ರಿಗಳು ತಡೆದರು. ಶನಿವಾರ ಶುಭವೆಂದು ಬೇಡಿಕೊಂಡರು. ಹಾಗಾಗಿ ಯುದ್ಧವು ಶನಿವಾರ ಬೆಳಗಿನ ಜಾವ ಆರಂಭವಾಯಿತು. ಅದು ಮೇ ತಿಂಗಳ ಅಮಾವಾಸ್ಯೆಯ ಚಂದ್ರನ ದಿನವೆಂದೂ, ವರ್ಷ 1522 ಎಂದೂ ಅವನು ಬರೆದನು.

ಸಿವೆಲ್ ಈ ಮಾತನ್ನು ಲೆಕ್ಕಕ್ಕೆ ಹಚ್ಚಿದರು. 1522ರ ಮೇ ತಿಂಗಳ ಅಮಾವಾಸ್ಯೆ ಶನಿವಾರ ಬರುವುದಿಲ್ಲ. ತಿಂಗಳ ಕೊನೆಯ ವಾರದಲ್ಲಿ, 25ನೆಯ ತಾರೀಖಿನ ಭಾನುವಾರದಂದು ಬರುತ್ತದೆ. ಆದರೆ 1520ರಲ್ಲಿ ಅಮಾವಾಸ್ಯೆ ಬಿದ್ದದ್ದು ಮೇ 17ರ ಗುರುವಾರ. ಅಮಾವಾಸ್ಯೆಯ ನಂತರ ಎಳೆಯ ಚಂದ್ರರೇಖೆ ಪಡುವಣದಲ್ಲಿ ಮೊದಲ ಬಾರಿ ಕಣ್ಣಿಗೆ ಬೀಳಲು ಒಂದೆರಡು ದಿನ ಬೇಕು. ಅಂದರೆ ಹೊಸ ಚಂದ್ರನು ಜನರಿಗೆ ಕಾಣಿಸಿದ ದಿನ ಮೇ 19, ಶನಿವಾರ!

ಇತರ ಸಾಕ್ಷ್ಯಗಳೂ ಇದಕ್ಕೆ ದನಿಗೂಡಿಸಿದವು. ಆದಿಲ್ ಶಾಹನು ಯುದ್ಧದಲ್ಲಿ ತೊಡಗಿದ್ದ ಸಮಯ ನೋಡಿ ಪೋರ್ಚುಗೀಸರು ಗೋವೆಯ ಸುತ್ತಲಿನ ನೆಲವನ್ನು ವಶಪಡಿಸಿಕೊಂಡದ್ದು ಗವರ್ನರ್ ದಿಯೋಗೊ ಲೋಪೆಸ್ ದೆ ಸಿಕೇರಾ ಕೆಂಪು ಸಮುದ್ರದ ಕಡೆಗೆ ಹೋಗಿದ್ದಾಗ, 1520ರಲ್ಲಿ. 1522ರ ಮೇ ಹೊತ್ತಿಗೆ ಅವನ ಅಧಿಕಾರವೇ ಮುಗಿದಿತ್ತು. ಇತಿಹಾಸಕಾರ ಫಿರಿಷ್ತಾ ಬೇರೊಂದು ವರ್ಷವನ್ನು ಸೂಚಿಸಿದ್ದನಾದರೂ, ಎಲ್ಲವನ್ನೂ ತೂಗಿ ನೋಡಿ ಸಿವೆಲ್ 1520ರ ಮೇ 19 ಎಂದು ತೀರ್ಮಾನಿಸಿದರು. ಇಂದಿಗೂ ಪಠ್ಯಪುಸ್ತಕಗಳು ಬಹುಮಟ್ಟಿಗೆ ಇದನ್ನೇ ಒಪ್ಪಿವೆ.

ನೂನಿಜ್ ಸುಳ್ಳುಗಾರನೇನೂ ಅಲ್ಲ ಎಂಬುದನ್ನು ನೀವು ಗಮನಿಸಬೇಕು. ವಾರ ಸರಿ, ಚಂದ್ರನೂ ಸರಿ. ತಪ್ಪಿದ್ದು ವರ್ಷ ಮಾತ್ರ. ಮನುಷ್ಯನ ನೆನಪು ಹೀಗೆಯೇ. ನಮ್ಮ ಮನೆಗಳಲ್ಲಿ ಅಜ್ಜಿಯರು, "ಅವತ್ತು ಶನಿವಾರ, ಸಂಜೆ ಆಗಷ್ಟೇ ಚಂದ್ರ ಕಂಡಿತ್ತು" ಎಂದು ಖಚಿತವಾಗಿ ಹೇಳುತ್ತಾರೆ. ಯಾವ ಇಸವಿ ಎಂದರೆ ತಡವರಿಸುತ್ತಾರೆ. ಅಂಕಿ ತಪ್ಪಿತೆಂದು ಅವರ ಮಾತನ್ನೆಲ್ಲ ತಳ್ಳಿಹಾಕುವುದು ಅನ್ಯಾಯ. ಮಾತಿನಲ್ಲಿ ಗಟ್ಟಿಯಾದುದನ್ನು ಹುಡುಕಿ ಹಿಡಿಯುವುದು ವಿವೇಕ.

ಇನ್ನೊಂದು ಮಾತು. ಮೇ 19 ಎಂಬುದು ಹಳೆಯ ಜೂಲಿಯನ್ ಕ್ಯಾಲೆಂಡರಿನ ತಾರೀಖು. ಆ ಕ್ಯಾಲೆಂಡರಿನ ವರ್ಷವು ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ನಿಮಿಷ ಉದ್ದ. ಶತಮಾನಗಳಲ್ಲಿ ಅದು ಹತ್ತು ದಿನಗಳಾಗಿ ಬೆಳೆದು ಪಾಸ್ಖ ಹಬ್ಬದ ಗಣನೆಯೇ ಅಸ್ತವ್ಯಸ್ತವಾಯಿತು. ಪೋಪ್ ಹದಿಮೂರನೆಯ ಗ್ರೆಗರಿಯವರು 1582ರಲ್ಲಿ, ಯೇಸುಸಭೆಯ ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಮೊದಲಾದವರ ನೆರವಿನಿಂದ, ಅಕ್ಟೋಬರ್ 4ರ ಮರುದಿನವನ್ನು 15 ಎಂದು ಘೋಷಿಸಿ ಆಕಾಶಕ್ಕೂ ಕ್ಯಾಲೆಂಡರಿಗೂ ರಾಜಿ ಮಾಡಿಸಿದರು. ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನ ಲೆಕ್ಕದಲ್ಲಿ ರಾಯಚೂರಿನ ಯುದ್ಧದ ದಿನ ಮೇ 29 ಆಗುತ್ತದೆ.

ಆಕಾಶದ ಗಡಿಯಾರ ಏಕೆ ನಂಬಿಕಸ್ಥ?

ಐದು ಶತಮಾನಗಳ ಹಿಂದಿನ ಚಂದ್ರನನ್ನು ಇಂದು ಇಷ್ಟು ಖಚಿತವಾಗಿ ಲೆಕ್ಕ ಹಾಕಬಹುದಾದರೆ, ಅದಕ್ಕೆ ಕಾರಣವೇನು? ಉತ್ತರವನ್ನು ಕಂಡುಕೊಂಡವರು ವಿಜಯನಗರದ ಕಾಲದಲ್ಲಿಯೂ ಅದರ ಬೆನ್ನಿಗೂ ಬದುಕಿದ್ದವರು. ಭೂಮಿಯೂ ಒಂದು ಗ್ರಹವೆಂದು ಸಾರಿದ ಕೋಪರ್ನಿಕಸ್ ಕೃಷ್ಣದೇವರಾಯನ ಸಮಕಾಲೀನ. ಪೋಲೆಂಡಿನ ಫ್ರಾಂಬೋರ್ಕ್ ಪ್ರಧಾನಾಲಯದ ಕ್ಯಾನನ್ ಆಗಿದ್ದವನು. ಅವನ ಗ್ರಂಥ ಪ್ರಕಟವಾದದ್ದು 1543ರಲ್ಲಿ. ಗ್ರಹಗಳು ವೃತ್ತದಲ್ಲಲ್ಲ, ದೀರ್ಘವೃತ್ತದಲ್ಲಿ ಚಲಿಸುತ್ತವೆಂದೂ, ಸೂರ್ಯನಿಗೆ ಹತ್ತಿರವಾದಾಗ ಅವುಗಳ ವೇಗ ಹೆಚ್ಚುತ್ತದೆಂದೂ ಯೋಹಾನ್ನೆಸ್ ಕೆಪ್ಲರ್ 1609ರಲ್ಲಿ ತೋರಿಸಿದನು. ಇದಕ್ಕೆಲ್ಲ ಗುರುತ್ವಾಕರ್ಷಣೆಯೇ ಮೂಲವೆಂದು ನ್ಯೂಟನ್ 1687ರಲ್ಲಿ ವಿವರಿಸಿದನು.

ಮಕ್ಕಳ ಉಯ್ಯಾಲೆಯನ್ನು ನೆನೆಯಿರಿ. ಮೇಲೇರಿದಾಗ ಅದರ ವೇಗ ತಗ್ಗುತ್ತದೆ, ಕೆಳಗಿಳಿದಾಗ ಹೆಚ್ಚುತ್ತದೆ. ಎತ್ತರದಿಂದ ಬರುವ ಸ್ಥಿತಿಶಕ್ತಿಯೂ ವೇಗದಿಂದ ಬರುವ ಚಲನಶಕ್ತಿಯೂ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ; ಒಟ್ಟು ಮೊತ್ತ ಬದಲಾಗುವುದಿಲ್ಲ. ಭೂಮಿಯೂ ಹಾಗೆಯೇ. ಜನವರಿಯ ಆದಿಯಲ್ಲಿ ಅದು ಸೂರ್ಯನಿಂದ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು ಸೆಕೆಂಡಿಗೆ 30.3 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಜುಲೈ ಆದಿಯಲ್ಲಿ ದೂರ 15 ಕೋಟಿ 21 ಲಕ್ಷ ಕಿಲೋಮೀಟರ್, ವೇಗ 29.3ಕ್ಕೆ ಇಳಿಯುತ್ತದೆ. ಆದ್ದರಿಂದ ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ 186 ದಿನಗಳಾದರೆ ಉಳಿದರ್ಧ ವರ್ಷಕ್ಕೆ 179 ದಿನ ಸಾಕು. ನಮ್ಮ ಪಂಚಾಂಗಕರ್ತರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಅಧಿಕಮಾಸಗಳು ಹೆಚ್ಚಾಗಿ ಬೇಸಗೆ ಮಳೆಗಾಲಗಳ ತಿಂಗಳುಗಳಲ್ಲಿ ಬೀಳುವುದೂ, ಅಪರೂಪದ ಕ್ಷಯಮಾಸವು ಚಳಿಗಾಲದಲ್ಲಿ ಬರುವುದೂ ಇದೇ ಕಾರಣಕ್ಕೆ.

ಉಯ್ಯಾಲೆಗೆ ಗಾಳಿಯ ತಡೆಯಿದೆ, ಸರಪಳಿಯ ಉಜ್ಜುವಿಕೆಯಿದೆ; ಅದು ನಿಲ್ಲುತ್ತದೆ. ಗ್ರಹಗಳ ದಾರಿಯಲ್ಲಿ ಅಂತಹ ತಡೆ ಇಲ್ಲವೆನ್ನುವಷ್ಟು ಕಡಿಮೆ. ಶಕ್ತಿಯ ಲೆಕ್ಕ ಸೋರಿಹೋಗದ ಕಾರಣ, ಇಂದಿನ ಸ್ಥಾನದಿಂದ ಹಿಂದಕ್ಕೆ ಎಣಿಸುತ್ತ ರಾಯಚೂರಿನ ಆ ಸಂಜೆಯವರೆಗೂ ಹೋಗಿ ಮುಟ್ಟಬಹುದು.

ನಾಲ್ಕು ಊರುಗಳಲ್ಲಿ ಶಕ್ತಿಯ ರೂಪಗಳು

ಗ್ರಹಗಳನ್ನು ನಡೆಸುವ ಇದೇ ಶಕ್ತಿಯು ನಮ್ಮ ಊರುಗಳಲ್ಲಿ ಬೇರೆ ಬೇರೆ ವೇಷ ತೊಟ್ಟು ನಿಂತಿದೆ. ಅದನ್ನು ನೋಡಲು ದೂರದರ್ಶಕ ಬೇಕಿಲ್ಲ.

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ, 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯಲ್ಲಿ ಎತ್ತರಕ್ಕೆ ನಿಂತ ನೀರೆಂದರೆ ಕೂಡಿಟ್ಟ ಸ್ಥಿತಿಶಕ್ತಿ. ಕಡಲಿನಿಂದ ಆ ನೀರನ್ನು ಮುಗಿಲಿಗೆ ಎತ್ತಿದವನು ಸೂರ್ಯ. ಧುಮುಕುವಾಗ ಅದು ಚಲನಶಕ್ತಿಯಾಗುತ್ತದೆ, ಚಕ್ರ ತಿರುಗಿಸಿ ವಿದ್ಯುತ್ತಾಗುತ್ತದೆ. ಹಿಡಿತ ತಪ್ಪಿದರೆ ಅದರ ಬಲವೆಷ್ಟೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ನಾವೆಲ್ಲ ಕಂಡೆವು. ಅಂದು 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಲು ಸುಮಾರು ಒಂದು ವಾರ ಬೇಕಾಯಿತು.

ಕಂಪ್ಲಿಯು ವಿಜಯನಗರಕ್ಕೂ ಮುಂಚೆ ಒಂದು ರಾಜ್ಯಕ್ಕೆ ಹೆಸರು ಕೊಟ್ಟ ಊರು. ಕಂಪಿಲರಾಯನ ಆ ರಾಜ್ಯ 1327ರ ಸುಮಾರಿಗೆ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೈನ್ಯದ ಮುಂದೆ ಮುರಿದುಬಿತ್ತು. ಅಲ್ಲಿಯ ಹೊಳೆದಂಡೆಯ ಕಬ್ಬು ಬತ್ತಗಳ ಎಲೆಗಳು ಬಿಸಿಲನ್ನು ಹಿಡಿದು ಸಿಹಿಯಾಗಿ, ಅನ್ನವಾಗಿ ಕಟ್ಟಿಡುತ್ತವೆ. ಇದು ರಾಸಾಯನಿಕ ಶಕ್ತಿ. ಬೆಲ್ಲದ ಒಂದು ಚೂರು ತಿಂದು ಗದ್ದೆಗಿಳಿಯುವ ಕೂಲಿಯ ತೋಳಿನಲ್ಲಿ ಕೆಲಸ ಮಾಡುವುದು ಆಕಾಶದಿಂದ ಬಂದ ಬಿಸಿಲೇ.

ಹಂಪಿಯಲ್ಲಿ ಬೆಳಕನ್ನೇ ನೋಡಬಹುದು. ವಿರೂಪಾಕ್ಷ ದೇವಾಲಯದ ಒಂದು ಕತ್ತಲೆಯ ಕೋಣೆಯಲ್ಲಿ, ಗೋಡೆಯ ಸಣ್ಣ ರಂಧ್ರದ ಮೂಲಕ ಬಂದ ಬೆಳಕು ಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆಂಬುದಕ್ಕೆ ಇದಕ್ಕಿಂತ ಸರಳ ಪಾಠವಿಲ್ಲ. ಆ ಕಿರಣ ಸೂರ್ಯನಿಂದ ಹೊರಟು ಸುಮಾರು ಎಂಟು ನಿಮಿಷ ಇಪ್ಪತ್ತು ಸೆಕೆಂಡುಗಳಾಗಿರುತ್ತವೆ. ಅದು ಹುಟ್ಟಿದ ಬಗೆಯ ಒಂದು ಸುಳಿವು ದೊರೆತದ್ದು ನಮ್ಮ ನಾಡಿನ ಆಕಾಶದಲ್ಲಿಯೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ವೀಕ್ಷಿಸಿದರು. ಆ ವರ್ಷದ ವೀಕ್ಷಣೆಗಳಲ್ಲಿ ಕಂಡ ಅಪರಿಚಿತ ಹಳದಿ ಗೆರೆಯೊಂದರಿಂದ ಹೀಲಿಯಂ ಎಂಬ ಹೊಸ ಮೂಲವಸ್ತುವಿನ ಅರಿವಾಯಿತು. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದರಿಂದಲೇ ಅವನು ಬೆಳಗುತ್ತಾನೆಂಬುದನ್ನು ಹಾನ್ಸ್ ಬೆಥೆ 1939ರಲ್ಲಿ ವಿವರಿಸಿದರು. ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯವು ಅಲ್ಲಿ ಶಕ್ತಿಯಾಗಿ ಮಾರ್ಪಡುತ್ತದೆ.

ಸಂಡೂರಿನ ಕೆಂಪು ಗುಡ್ಡಗಳಲ್ಲಿ ಇದೇ ಕಥೆಯ ಕೊನೆಯ ಅಧ್ಯಾಯವಿದೆ. ಸೂರ್ಯನಿಗಿಂತ ಬಹಳ ದೊಡ್ಡದಾದ ನಕ್ಷತ್ರಗಳಲ್ಲಿ ಬೆಸುಗೆ ಮುಂದುವರಿದು ಇಂಗಾಲ, ಆಮ್ಲಜನಕ, ಸಿಲಿಕಾನ್ ಎಂದು ಸಾಗಿ ಕಬ್ಬಿಣದ ಬಳಿ ನಿಲ್ಲುತ್ತದೆ. ಕಬ್ಬಿಣವನ್ನು ಬೆಸೆದು ಶಕ್ತಿ ಪಡೆಯುವುದು ಸಾಧ್ಯವಿಲ್ಲ. ಒಲೆ ಆರಿದ ಮೇಲೆ ಉಳಿಯುವ ಬೂದಿಯಂತೆ, ಕಬ್ಬಿಣವು ಸತ್ತ ನಕ್ಷತ್ರಗಳ ಬೂದಿ. ಆ ನಕ್ಷತ್ರಗಳು ಸಿಡಿದಾಗ ಚದುರಿದ ಕಬ್ಬಿಣ ಭೂಮಿಯ ಒಡಲು ಸೇರಿತು. 250 ಕೋಟಿ ವರ್ಷಗಳಿಗೂ ಹಿಂದಿನ ಕಡಲ ತಳದಲ್ಲಿ ಪದರುಪದರಾಗಿ ಕೂತು ಸಂಡೂರಿನ ಅದಿರಾಯಿತು. ಅಷ್ಟು ಕಾಲ ಹಿಡಿದು ಕೂಡಿದ್ದನ್ನು ನಾವು ಕೆಲವೇ ವರ್ಷಗಳ ಆತುರದಲ್ಲಿ ಅಗೆದು ಸಾಗಿಸಿದ ಬಗೆ, ಧೂಳು ಮುಸುಕಿದ ರಸ್ತೆಗಳು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕಬೇಕಾಗಿ ಬಂದುದು, ಇವು ಈ ಸೀಮೆಯ ಯಾವ ಮನೆಗೂ ಹೊಸದಲ್ಲ. ಪ್ರಕೃತಿಯ ಖಾತೆಯಲ್ಲಿ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ನಮ್ಮ ಖಾತೆಯಲ್ಲಿ.

ಉಳಿದ ಒಂದು ಮಾತು

ಆಕಾಶದ ಗಡಿಯಾರದಲ್ಲಿಯೂ ಬಲು ಸೂಕ್ಷ್ಮವಾದ ಒಂದು ಬದಲಾವಣೆಯುಂಟು. ಚಂದ್ರನು ಎಬ್ಬಿಸುವ ಉಬ್ಬರವಿಳಿತಗಳ ಉಜ್ಜುವಿಕೆಯಿಂದ ಭೂಮಿಯ ತಿರುಗುವಿಕೆ ಎಳ್ಳಷ್ಟು ನಿಧಾನವಾಗುತ್ತಿದೆ. ಕಳೆದ ಶಕ್ತಿಯ ಬಹುಪಾಲು ಕಾವಾಗಿ ಹೋದರೆ, ಸ್ವಲ್ಪ ಭಾಗ ಚಂದ್ರನಿಗೆ ಸಂದು ಅವನು ದೂರ ಸರಿಯುತ್ತಿದ್ದಾನೆ. 1969ರಲ್ಲಿ ಗಗನಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಕಿರಣ ಹಾಯಿಸಿ ಅಳೆದಾಗ ತಿಳಿದದ್ದು, ವರ್ಷಕ್ಕೆ 3.8 ಸೆಂಟಿಮೀಟರ್. ರಾಯಚೂರಿನ ಯುದ್ಧದ ದಿನದಿಂದ ಇಂದಿನವರೆಗೆ ಅವನು ಸರಿದಿರುವುದು ಹೆಚ್ಚುಕಡಿಮೆ 19 ಮೀಟರ್ ಮಾತ್ರ. ಅಷ್ಟು ಹೊತ್ತಿನಲ್ಲಿ ವಿಜಯನಗರ ಬೆಳೆದು, 1565ರಲ್ಲಿ ಹಾಳಾಗಿ, ಅದರ ಬೀದಿಗಳಲ್ಲಿ ಮುಳ್ಳು ಬೆಳೆದು, ಮತ್ತೆ ಅದರ ಹೆಸರಿನಲ್ಲಿ 2021ರಲ್ಲಿ ಒಂದು ಜಿಲ್ಲೆಯೇ ಹುಟ್ಟಿತು.

ಗ್ರಹಗಳು ಮನುಷ್ಯನ ಗೆಲುವು ಸೋಲುಗಳನ್ನು ಬರೆಯುತ್ತವೆಂದು ಅರಸನ ಮಂತ್ರಿಗಳು ನಂಬಿದ್ದರು. ಅದಕ್ಕೇ ಶುಕ್ರವಾರ ಬೇಡವೆಂದರು. ಆಕಾಶವು ಗೆಲುವನ್ನು ಬರೆಯಲಿಲ್ಲ. ಆದರೆ ದಿನವನ್ನು ಮಾತ್ರ ಅಳಿಸದಂತೆ ಬರೆದಿಟ್ಟಿತು. ಶತಮಾನಗಳ ಬಳಿಕ ನಿಜವನ್ನು ಹುಡುಕಿದವರಿಗೆ ಅದು ಒದಗಿತು.

ಮುಂದಿನ ಸಲ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ ಆ ಶಾಸನದ ಮುಂದೆ ಸ್ವಲ್ಪ ನಿಲ್ಲಿರಿ. ಕಲ್ಲಿನಲ್ಲಿ ಕೆತ್ತಿದ ಮಾತೂ ತಪ್ಪಬಹುದು, ಆ ತಪ್ಪನ್ನು ತಾಳ್ಮೆಯಿಂದ ತಿದ್ದಲೂಬಹುದು ಎಂಬುದನ್ನು ಅವರಿಗೆ ಹೇಳಿರಿ. ಮತ್ತು ಮನೆಯ ಹಿರಿಯರು ಇಸವಿ ಮರೆತು, ವಾರವನ್ನೂ ಚಂದ್ರನನ್ನೂ ನೆನಪಿಟ್ಟು ಹೇಳುವ ಕಥೆಗಳನ್ನು ಅವರು ಇರುವಾಗಲೇ ಬರೆದಿಡಿರಿ. ವರ್ಷವನ್ನು ಲೆಕ್ಕ ಹಾಕಿ ತಿಳಿಯಬಹುದು. ಹೇಳುವವರ ದನಿ ನಿಂತುಹೋದ ಮೇಲೆ ಆ ಕಥೆಯನ್ನು ಯಾವ ಲೆಕ್ಕವೂ ತಂದುಕೊಡಲಾರದು.